ಮುನಿರಾಜಪ್ಪನ ನಂಬರಿಗೆ ಹೋದ ಒಟಿಪಿ

ನಾನು ಮೂವತ್ತೊಂದನೆಯ ವಯಸ್ಸಿನಲ್ಲಿ ನಿವೃತ್ತನಾದೆ. ಕಾಗದದಲ್ಲಿ ಇದ್ದದ್ದು ‘ಗುತ್ತಿಗೆ ಅವಧಿ ಮುಗಿದಿರುತ್ತದೆ’ ಎಂದು. ಅದನ್ನು ನಿವೃತ್ತಿ ಎಂದು ಓದಿಕೊಂಡರೆ ಹೆಣ್ಣು ಕೊಡುವವರ ಮುಂದೆ ಸ್ವಲ್ಪ ಗೌರವ ಉಳಿಯುತ್ತದೆ, ಆದ್ದರಿಂದ ಹಾಗೆಯೇ ಓದಿಕೊಂಡೆ. ಬೀಳ್ಕೊಡುಗೆಯೂ ಆಯಿತು. ವಾರ್ಡಿನ ಆಯಾ ರತ್ನಮ್ಮ ನನ್ನ ಗೌರವಾರ್ಥ ಎರಡು ವಡೆ ತರಿಸಿದರು. ಅದರಲ್ಲಿ ಒಂದನ್ನು ಅವರೇ ತಿಂದರು.

ನನ್ನ ಜಾಗಕ್ಕೆ ಹೊಸಬರು ಬಂದಿದ್ದಾರೆ. ಬೇರೆ ಆಸ್ಪತ್ರೆಗಳಿಗೂ ಬರುತ್ತಿದ್ದಾರೆ. ಅವರಿಗೆ ಎರಡು ದಿನ ತರಬೇತಿ ಕೊಡುತ್ತಾರೆ. ಪರದೆಯ ಮೇಲೆ ಬಾಣದ ಗುರುತು ತೋರಿಸಿ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎನ್ನುತ್ತಾರೆ. ಒತ್ತಿದ ಮೇಲೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಒಬ್ಬ ಅಜ್ಜಿಯ ವಿಷಯ. ಆಕೆ ಮತ್ತೆ ಎದ್ದು ನಡೆಯುತ್ತಾಳೋ, ಮಲಗಿದಲ್ಲೇ ಉಳಿಯುತ್ತಾಳೋ ಎನ್ನುವುದು ಒಂದು ಹಗಲಿನಲ್ಲಿ ತೀರ್ಮಾನವಾಗಬೇಕಿತ್ತು. ಆ ಹಗಲಿನಲ್ಲಿ ಎರಡು ಗಂಟೆಯನ್ನು ನಾನು ನನ್ನ ಜಾಣತನದಿಂದ ಹಾಳು ಮಾಡಿದೆ.

ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆರು ವರ್ಷ ಆರೋಗ್ಯ ಮಿತ್ರನಾಗಿದ್ದೆ. ಹೆಸರು ದೊಡ್ಡದು, ಮೇಜು ಚಿಕ್ಕದು. ಔಷಧಿ ಅಂಗಡಿಗೂ ಶೌಚಾಲಯಕ್ಕೂ ನಡುವೆ, ಮೆಟ್ಟಿಲ ಕೆಳಗೆ ನನ್ನ ಸ್ಥಾನ. ಬರುವವರಲ್ಲಿ ಅರ್ಧ ಜನ ಕೇಳುತ್ತಿದ್ದುದು ಶೌಚಾಲಯ ಎಲ್ಲಿ ಎಂದು. ಉಳಿದವರು ಕೇಳುತ್ತಿದ್ದುದು ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಚಿಕಿತ್ಸೆ ಆಗುತ್ತದೆಯೇ ಎಂದು. ಕಾರ್ಡು ಮಾಡಿಸುವುದು, ಎದುರಿಗಿರುವ ರೋಗಿ ಕಾರ್ಡಿನಲ್ಲಿರುವವರೇ ಎಂದು ಕಂಪ್ಯೂಟರಿಗೆ ಒಪ್ಪಿಸುವುದು, ಡಾಕ್ಟರು ಬರೆದದ್ದನ್ನು ಕಳಿಸಿ ಮೇಲಿನವರ ಒಪ್ಪಿಗೆ ತರಿಸುವುದು, ಇಷ್ಟು ಕೆಲಸ. ಇದರ ಜೊತೆಗೆ ಎಲ್ಲರಿಂದಲೂ ಬೈಸಿಕೊಳ್ಳುವುದು. ಅದು ಆದೇಶದಲ್ಲಿ ಬರೆದಿರುವುದಿಲ್ಲ.

ನನಗೊಂದು ಚಟವಿದೆ. ಯಾರ ದನಿಯನ್ನಾದರೂ ಅವರಂತೆಯೇ ತೆಗೆಯುತ್ತೇನೆ. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅದು ತಮ್ಮ ಸ್ವಂತ ಮೂಳೆಯೋ ಎಂಬಂತೆ ‘ಛೆ ಛೆ’ ಎನ್ನುವುದನ್ನು ಮಾಡುತ್ತಿದ್ದೆ. ಗೌರಿಬಿದನೂರಿನಿಂದ ನಮ್ಮಮ್ಮ ಫೋನಿನಲ್ಲಿ, ‘ಊಟ ಆಯ್ತೇನಪ್ಪ, ಏನ್ ಸಾರು, ಹುಣಸೇಹಣ್ಣು ಹಾಕಿದ್ರಾ’ ಎಂದು ತನಿಖೆ ಮಾಡುವುದನ್ನೂ ಮಾಡುತ್ತಿದ್ದೆ. ನಮ್ಮ ಮೇಲಧಿಕಾರಿ ಪ್ರಭಾವತಿ ಮೇಡಂ ವಾರಕ್ಕೊಮ್ಮೆ ಬಂದು, ‘ಗಂಗಾಧರ್, ಪೆಂಡಿಂಗ್ ಎಷ್ಟಿದೆ?’ ಎನ್ನುತ್ತಿದ್ದರು. ಒಂದು ದಿನ ನರ್ಸ್‌ಗಳ ಮುಂದೆ ಅದನ್ನು ಮಾಡಿ ತೋರಿಸುತ್ತಿದ್ದಾಗ ನಗು ಒಮ್ಮೆಲೇ ನಿಂತುಹೋಯಿತು. ಹಿಂದೆ ಮೇಡಂ ನಿಂತಿದ್ದರು.

“ನನಗಿಂತ ಚೆನ್ನಾಗಿ ಮಾಡ್ತೀರ,” ಎಂದರು. “ಎಷ್ಟಿದೆ ಹೇಳಿ.”

ಹನ್ನೊಂದು ಇತ್ತು. ನನ್ನ ಸ್ವಂತ ದನಿಯಲ್ಲಿ ಹೇಳಿದೆ.

ಎಪ್ಪತ್ತು ದಾಟಿದವರಿಗೆಲ್ಲ ಕಾರ್ಡು ಎಂದು ನಮ್ಮಲ್ಲಿ ಶುರುವಾದದ್ದು ನನ್ನ ಸೇವೆಯ ಕೊನೆಕೊನೆಗೆ. ಅದಕ್ಕೆ ಮುಂಚೆ ಎಲ್ಲವೂ ರೇಷನ್ ಕಾರ್ಡಿನ ಮೇಲೆ ನಿಂತಿತ್ತು. ಈಗ ಆಧಾರಿನಲ್ಲಿ ಎಪ್ಪತ್ತು ತುಂಬಿದ್ದರೆ ಸಾಕು. ಮನೆ ತಾರಸಿಯದೋ ಹೆಂಚಿನದೋ, ಮಗ ಏನು ಮಾಡುತ್ತಾನೆ, ಯಾವ ರೇಷನ್ ಕಾರ್ಡು ಎಂದು ಕೇಳುವ ಹಾಗಿಲ್ಲ. ಚಿಂತಾಮಣಿಯ ನಿವೃತ್ತ ಮೇಷ್ಟ್ರೊಬ್ಬರು ಇದನ್ನು ನಂಬಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರಡಿ, “ನಾನು ಪಿಂಚಣಿದಾರ. ಸುಳ್ಳು ಹೇಳಿ ಬಡವರ ಕಾರ್ಡು ತಗೊಳ್ಳಲ್ಲ ಕಣಯ್ಯ,” ಎಂದರು. ಇದು ಬಡವರ ಕಾರ್ಡಲ್ಲ ಸಾರ್, ವಯಸ್ಸಾದವರ ಕಾರ್ಡು ಎಂದೆ. ಅವರಿಗೆ ಇನ್ನೂ ಸಿಟ್ಟು ಬಂತು. ವಯಸ್ಸಾದವರು ಎನಿಸಿಕೊಳ್ಳುವುದಕ್ಕಿಂತ ಬಡವರೇ ವಾಸಿ ಎನ್ನುವ ಮುಖ ಮಾಡಿದರು.

ಇನ್ನೊಬ್ಬರು ಕೆಂಚಾರ್ಲಹಳ್ಳಿಯ ತಾತ. ಕಾರ್ಡು ಕೈಗೆ ಬಂದ ಮಾರನೆಯ ದಿನವೇ ಹಾಜರು.

“ಐದು ಲಕ್ಷ ಐತೆ ಅಂದ್ಯಲ್ಲಪ್ಪ. ಶುಗರ್ ಮಾತ್ರೆ ಕೊಡ್ಸು.”

“ಮಾತ್ರೆಗಿಲ್ಲ ತಾತ. ಆಸ್ಪತ್ರೇಲಿ ಅಡ್ಮಿಟ್ ಆಗೋ ಖಾಯಿಲೆಗೆ ಮಾತ್ರ.”

“ಓ, ಹಂಗಾ? ಸರಿ, ಅಡ್ಮಿಟ್ ಮಾಡು. ಸಂಜೆ ಗಂಟ ಮಲ್ಕೊಂಡಿದ್ದು ಮಾತ್ರೆ ಇಸ್ಕೊಂಡು ಹೋಗ್ತೀನಿ. ಹಾಸಿಗೆ ಎಲ್ಲೈತೆ?”

ತಪ್ಪು ತಾತನದಲ್ಲ. ಕಾರ್ಡು ಕೊಡುವಾಗ ಐದು ಲಕ್ಷ ಎಂಬುದನ್ನು ಹರಾಜು ಕೂಗುವವನಂತೆ ಕೂಗಿ ಹೇಳಿದ್ದು ನಾನು. ಹೊರರೋಗಿಗಳ ಮಾತ್ರೆ, ಪರೀಕ್ಷೆಗೆ ಇದು ಬರುವುದಿಲ್ಲ; ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಆ ಮೊತ್ತ ವರ್ಷಕ್ಕೆ ಇಬ್ಬರಿಗೂ ಸೇರಿ; ಇದನ್ನು ಮೊದಲು ಹೇಳಬೇಕಿತ್ತು. ನೀವು ಮೊದಲು ಹೇಳಿ. ನಿಯಮ ಬದಲಾಗುತ್ತಿರುತ್ತದೆ, ಹೇಳುವ ಮುಂಚೆ ಒಮ್ಮೆ ಓದಿಕೊಳ್ಳಿ ಕೂಡ.

ಇನ್ನು ಹಾಜಿರಾ ಬೀ.

ಶಿಡ್ಲಘಟ್ಟದವರು. ಆಧಾರಿನ ಪ್ರಕಾರ ಎಪ್ಪತ್ಮೂರು. ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಮಗ ಇಮ್ತಿಯಾಜ್ ವ್ಯಾನಿನಲ್ಲಿ ಮಲಗಿಸಿ, ಹಿಂದೆಯೇ ಬೈಕಿನಲ್ಲಿ ಬರುತ್ತ ಒಂಬತ್ತೂವರೆಗೆ ಕರೆತಂದ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಛೆ ಛೆ ಎನ್ನುವುದನ್ನೂ ಮರೆತು ನೇರವಾಗಿ ಹೇಳಿದರು: “ನಾಳೆ ಆಪರೇಷನ್ ಮಾಡಿದ್ರೆ ವಾಕರ್ ಹಿಡಿದು ನಡೀತಾರೆ. ಮಾಡದೆ ಮಲಗಿಸಿದ್ರೆ ಈ ವಯಸ್ಸಲ್ಲಿ ಮತ್ತೆ ಏಳೋದು ಕಷ್ಟ.”

ಇಮ್ತಿಯಾಜ್‌ಗೆ ಎರಡು ಮಗ್ಗುಲಿಂದಲೂ ಒತ್ತಡ. ಕೈಯಿಂದ ಖರ್ಚು ಮಾಡಿ ಆಪರೇಷನ್ ಮಾಡಿಸುವ ಸ್ಥಿತಿ ಇರಲಿಲ್ಲ. ಸಣ್ಣದೊಂದು ರೇಷ್ಮೆ ರೀಲಿಂಗ್ ಘಟಕ ಇಟ್ಟಿದ್ದರಿಂದ ಬಡವರ ರೇಷನ್ ಕಾರ್ಡೂ ಇರಲಿಲ್ಲ. ಇತ್ತ ಅವನ ಸೋದರಮಾವಂದಿರು ಫೋನಿನ ಮೇಲೆ ಫೋನು ಮಾಡಿ, ಎಲೆಯ ಕಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋಗೋಣ, ಆಪರೇಷನ್ ಎಂದರೆ ಕುಯ್ದು ಬಿಸಾಕುತ್ತಾರೆ ಎನ್ನುತ್ತಿದ್ದರು.

“ಸಾರ್, ಸಾಯಂಕಾಲ ನಾಲ್ಕಕ್ಕೆ ಮಾಮೂ ಗಾಡಿ ತಗೊಂಡ್ ಬರ್ತಾರೆ,” ಎಂದ. “ಅಷ್ಟರಲ್ಲಿ ನಿಮ್ ಕಾರ್ಡಿಂದ ಆಗತ್ತೆ ಅಂತ ಗ್ಯಾರಂಟಿ ಹೇಳಿದ್ರೆ ಅಮ್ಮೀನ ಇಲ್ಲೇ ಇಡ್ತೀನಿ. ಇಲ್ಲಾಂದ್ರೆ ನನ್ ಕೈಲಿ ಅವ್ರನ್ನ ತಡೆಯಕ್ಕಾಗಲ್ಲ.”

ಆಗ ಹತ್ತು ಗಂಟೆ. ಕಾರ್ಡು ಮಾಡುವುದು ಹತ್ತು ನಿಮಿಷದ ಕೆಲಸ, ಕೂತ್ಕೊಳಪ್ಪ ಎಂದೆ.

ನಾನು ಸೇರಿದ ಕಾಲಕ್ಕೆ ಬೆರಳೊತ್ತುವ ಯಂತ್ರವೊಂದೇ ಇದ್ದದ್ದು. ಆಮೇಲೆ ಕಣ್ಣು ನೋಡುವ ಯಂತ್ರ ಬಂತು, ಆಮೇಲೆ ಮೊಬೈಲಿನಲ್ಲಿ ಮುಖ ನೋಡುವುದು ಬಂತು. ಪ್ರತಿ ಸಲವೂ ಇನ್ನು ಮುಂದೆ ತೊಂದರೆಯಿಲ್ಲ ಎಂದು ನಮಗೆ ಹೇಳಿದರು. ನಾವೂ ಜನಕ್ಕೆ ಹೇಳಿದೆವು. ಯಂತ್ರ ಹಿಡಿದು ಹಾಸಿಗೆಯ ಹತ್ತಿರ ಹೋದೆ. ಹಾಜಿರಾ ಬೀ ಕೈ ಚಾಚಿದರು. ಹತ್ತು ಬೆರಳೂ ನದಿಯ ಕಲ್ಲಿನ ಹಾಗೆ ನುಣುಪು. ಮೂವತ್ತು ವರ್ಷ ಕುದಿನೀರಿನ ಬೇಸಿನ್ನಿನಲ್ಲಿ ಕೈಯಿಟ್ಟು ಗೂಡಿನಿಂದ ರೇಷ್ಮೆ ಎಳೆ ಹುಡುಕಿದ ಬೆರಳು. ಗೆರೆ ಎಲ್ಲಿಂದ ಬರಬೇಕು? ಯಂತ್ರ ಹತ್ತು ಸಲವೂ ಕೆಂಪು ದೀಪ ತೋರಿಸಿತು.

“ಅದಕ್ಕೆ ಯಾಕೆ ಹಿಂಸೆ ಕೊಡ್ತೀಯ?” ಎಂದರು ಹಾಜಿರಾ ಬೀ. “ರೇಷನ್ ಅಂಗಡೀಲೂ ಹಂಗೇ. ನನ್ ಬೆರಳು ಅವ್ರ ಮೆಷಿನ್‌ಗೆ ಇಷ್ಟ ಇಲ್ಲ.”

ಕಣ್ಣಿಗೆ ಹಿಡಿದೆ. ಎರಡೂ ಕಣ್ಣಿಗೆ ಪೊರೆ. ಮುಖಕ್ಕೆ ಮೊಬೈಲು ಹಿಡಿದು, “ಕಣ್ಣು ಮಿಟುಕಿಸಿ ಅಮ್ಮ,” ಎಂದೆ. ನೋವಿನಲ್ಲೂ ಚೆನ್ನಾಗಿಯೇ ಮಿಟುಕಿಸಿದರು. ಆದರೆ ಆಧಾರಿನ ಫೋಟೋ ತೆಗೆದಾಗ ಬಾಯಲ್ಲಿ ಹಲ್ಲಿದ್ದವು, ಕೆನ್ನೆ ಇತ್ತು. ಇವರು ಅವರಲ್ಲ ಎಂದಿತು ಮೊಬೈಲು.

ಉಳಿದದ್ದು ಒಂದೇ ದಾರಿ, ಆಧಾರಿಗೆ ಸೇರಿಸಿದ ಫೋನಿಗೆ ಬರುವ ಒಟಿಪಿ. ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಪರದೆಯ ಮೇಲೆ ಕಾಣುತ್ತದೆ. ಇಮ್ತಿಯಾಜ್ ನೋಡಿ, ನಮ್ಮದಲ್ಲ ಎಂದ. ಹಾಜಿರಾ ಬೀ ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಅದು ಮುನಿರಾಜಂದು.”

ಮುನಿರಾಜಪ್ಪ ಎಂದರೆ ಹಾಜಿರಾ ಬೀ ಕೆಲಸ ಮಾಡುತ್ತಿದ್ದ ರೀಲಿಂಗ್ ಘಟಕದ ಮಾಲೀಕ. ಆಧಾರ್ ಶಿಬಿರ ನಡೆದಾಗ ಬೇಸಿನ್ ಹೆಂಗಸರಲ್ಲಿ ಯಾರಿಗೂ ಫೋನಿರಲಿಲ್ಲ. ನಂಬರ್ ಹೇಳಿ ಎಂದು ಕೇಳಿದರೆ ಏನು ಹೇಳುವುದು? ನಂದೇ ಬರೆಸ್ರಮ್ಮ ಎಂದು ಮುನಿರಾಜಪ್ಪ ದೊಡ್ಡ ಮನಸ್ಸಿನಿಂದ ಹೇಳಿದರಂತೆ. ಇಡೀ ಸಾಲು ಅದನ್ನೇ ಬರೆಸಿತು. ಶಿಡ್ಲಘಟ್ಟ, ಮೇಲೂರು ಕಡೆಯವರು ಬಂದಾಗ ಇದನ್ನು ನಾನು ಹತ್ತಾರು ಸಲ ಕಂಡಿದ್ದೆ. ಮಾಲೀಕನದೋ, ಅಂಗಡಿಯವನದೋ, ಪಕ್ಕದ ಮನೆಯ ಮೇಷ್ಟ್ರದೋ ನಂಬರು. ಆದ್ದರಿಂದ ಯಾವ ಯಂತ್ರ ಮುಟ್ಟುವುದಕ್ಕೂ ಮುಂಚೆ ‘ಫೋನ್ ನಂಬರ್ ಯಾರದು ಕೊಟ್ಟಿದ್ರಿ’ ಎಂದು ಕೇಳಬೇಕು. ಆವತ್ತು ಕೇಳಿರಲಿಲ್ಲ. ಬೆರಳು, ಕಣ್ಣು, ಮುಖ ಮುಗಿಯುವಷ್ಟರಲ್ಲಿ ಹನ್ನೊಂದಾಗಿತ್ತು, ನರ್ಸ್ ನೋವಿನ ಇಂಜೆಕ್ಷನ್ ಕೊಟ್ಟಿದ್ದರು, ಹಾಜಿರಾ ಬೀ ನಿದ್ದೆ ಹೋದರು.

“ನೀನೇ ಫೋನ್ ಮಾಡಪ್ಪ,” ಎಂದೆ ಇಮ್ತಿಯಾಜ್‌ಗೆ.

“ನಾನು ಮಾಡಲ್ಲ. ಅವ್ರ ಹತ್ರ ಕೆಲಸ ಬಿಟ್ಟು ನಂದೇ ಘಟಕ ಹಾಕ್ದಾಗಿಂದ ಮಾತಿಲ್ಲ. ಮಾಡಿದ್ರೂ ಎತ್ತಲ್ಲ.”

ಸರಿ, ಅವನಿಂದ ಪೂರ್ತಿ ನಂಬರು ಪಡೆದು, ಒಟಿಪಿ ಕಳಿಸುವ ಗುಂಡಿ ಒತ್ತಿ ನಾನೇ ಕರೆ ಮಾಡಿದೆ. ಹಿಂದೆ ಗೂಡಿನ ಮಾರುಕಟ್ಟೆಯ ಗದ್ದಲ.

“ನಮಸ್ಕಾರ ಸಾರ್, ಆಸ್ಪತ್ರೆಯಿಂದ ಮಾತಾಡ್ತಿದೀನಿ, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರತ್ತೆ…”

“ಬಂದೈತೆ. ಬಂದ್ರೆ ನಿಂಗ್ಯಾಕೆ ಹೇಳ್ಬೇಕಯ್ಯ? ಹೋದ ತಿಂಗಳು ನನ್ ಬಾಮೈದ ಹೇಳಿ ಅಕೌಂಟೇ ತೊಳ್ಕೊಂಡು ಹೋಯ್ತು. ಇಡು ಫೋನು!”

ಇಟ್ಟರು. ತಪ್ಪೇನಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಎಂದು ನಾವೇ ಬೋರ್ಡು ಹಾಕಿದ್ದೆವು. ಹಾಜಿರಾ ಬೀ ಏಳುವವರೆಗೆ ಕಾದು ಅವರ ಕೈಗೆ ಫೋನು ಕೊಡಬೇಕಿತ್ತು. ಆದರೆ ಒಟಿಪಿಗೆ ಹತ್ತೇ ನಿಮಿಷದ ಆಯಸ್ಸು, ನನ್ನ ಗಂಟಲಲ್ಲಿ ಚಟ. ಇಮ್ತಿಯಾಜ್ ಟೀ ತರಲು ಹೋಗಿದ್ದ. ಔಷಧಿ ಅಂಗಡಿಯವನ ಫೋನು ಇಸ್ಕೊಂಡು, ದನಿ ನಡುಗಿಸಿ, ಸ್ವಲ್ಪ ಉರ್ದು ಬೆರೆಸಿ, ಮೂಗೆಳೆದುಕೊಂಡು ಶುರುಮಾಡಿದೆ:

“ಅಪ್ಪಾ ಮುನಿರಾಜಪ್ಪಾ… ನಾನಪ್ಪಾ ಹಾಜಿರಾ ಬೀ… ಸೊಂಟ ಮುರಿದೋಗಿದೆ ಬೇಟಾ, ನಿನ್ ಕಾಲಿಗೆ ಬೀಳ್ತೀನಿ, ಆ ನಂಬರ್ ಹೇಳಿಬಿಡಪ್ಪಾ…”

ಔಷಧಿ ಅಂಗಡಿಯವನ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿತ್ತು. ಆ ಕಡೆಯಿಂದ ಮುನಿರಾಜಪ್ಪ ತಣ್ಣಗೆ, “ಎಲ್ಲಿದ್ದೀಯೋ ಮಗನೆ? ಪೊಲೀಸ್ನೋರನ್ನ ಕರ್ಕೊಂಡ್ ಬರ್ತೀನಿ ಇರು,” ಎಂದು ಫೋನು ಬಂದ್ ಮಾಡಿದರು. ಆಮೇಲೆ ಒಟಿಪಿ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಎಷ್ಟು ಸಲ ಕರೆ ಮಾಡಿದರೂ ಸ್ವಿಚ್ ಆಫ್. ಒಂದು ಗಂಟೆಗೆ ಹಾಜಿರಾ ಬೀ ಎಚ್ಚರವಾಗಿ ಅವರೇ ಮಾತನಾಡಲು ಸಿದ್ಧರಾದಾಗಲೂ ಸ್ವಿಚ್ ಆಫ್. ನಾನು ಮಾಡಿದ್ದನ್ನು ಕೇಳಿ ಇಮ್ತಿಯಾಜ್ ತನ್ನ ಬೈಕಿನ ಕೀಯನ್ನು ನನ್ನ ಮೇಜಿನ ಮೇಲಿಟ್ಟ.

“ಹೋಗಿ ಸಾರ್. ನೀವೇ ಹೋಗಿ ಹೇಳಿ.”

ಮೇಜಿನಲ್ಲಿ ನರ್ಸ್ ಆಶಾಳನ್ನು ಕೂರಿಸಿ, ನಾನು ಹೇಳಿದಾಗ ಗುಂಡಿ ಒತ್ತು ಎಂದು ತಿಳಿಸಿ ಹೊರಟೆ. ಶಿಡ್ಲಘಟ್ಟ ಸೇರಿದಾಗ ಎರಡು ಗಂಟೆ ದಾಟಿತ್ತು. ಮಾರುಕಟ್ಟೆ ಮುಗಿದು ಮುನಿರಾಜಪ್ಪ ಘಟಕಕ್ಕೆ ಬಂದಿದ್ದರು. ಒಳಗೆ ಹಬೆ, ಬೆಂದ ಹುಳುವಿನ ವಾಸನೆ, ಒಂದು ಸಾಲು ಹೆಂಗಸರು ಬೇಸಿನ್ನಿನ ಮುಂದೆ. ಐವತ್ತೈದರ ಆಸುಪಾಸಿನ ದಪ್ಪ ಮನುಷ್ಯ ತಕ್ಕಡಿಯ ಹತ್ತಿರ ನಿಂತಿದ್ದರು. ನಾನು ಬಾಯಿ ತೆರೆದು, “ಆಸ್ಪತ್ರೆಯಿಂದ…” ಎಂದದ್ದೇ ತಡ, ನನ್ನ ಕಾಲರು ಅವರ ಕೈಯಲ್ಲಿತ್ತು.

“ಇವ್ನೇ ನೋಡ್ರಮ್ಮಾ, ಬೆಳಗ್ಗೆ ಅತ್ತೋನು!”

ಕೊರಳಿನ ಗುರುತಿನ ಚೀಟಿ ತೋರಿಸಿದೆ, ಇಮ್ತಿಯಾಜನ ಬೈಕು ತೋರಿಸಿದೆ, ಎಕ್ಸ್‌ರೇಯ ಫೋಟೋ ತೋರಿಸಿದೆ. ಎಕ್ಸ್‌ರೇಯಲ್ಲಿ ಎಲ್ಲರ ಸೊಂಟವೂ ಒಂದೇ ತರ ಇರುತ್ತದೆ ಎಂದರು. ಅದೂ ನಿಜ.

“ಹೆಂಗೆ ಅತ್ತೆ? ಇನ್ನೊಂದು ಸಲ ಅಳು. ಇವ್ರೆಲ್ಲ ಕೇಳ್ಲಿ.”

ಅತ್ತೆ. ಏನು ಮಾಡುವುದು, ನಾಲ್ಕು ಗಂಟೆಗೆ ಮಾವಂದಿರ ಗಾಡಿ ಬರುತ್ತಿತ್ತು. ಅಪ್ಪಾ ಮುನಿರಾಜಪ್ಪಾ ಎನ್ನುವಷ್ಟರಲ್ಲೇ ಬೇಸಿನ್ ಸಾಲು ಬಿದ್ದು ಬಿದ್ದು ನಕ್ಕಿತು. ಒಬ್ಬಾಕೆ ಎಳೆಯನ್ನೇ ಕಡಿದುಕೊಂಡಳು.

“ಹಾಜಿರಾ ಬೀ ಅಳೋದಾ!” ಎಂದಳು ಆಕೆ. “ಯಜಮಾನ್ರನ್ನ ಅಪ್ಪಾ ಅನ್ನೋದಾ!”

ಮುನಿರಾಜಪ್ಪ ಕಾಲರು ಬಿಟ್ಟರು. “ನಮ್ಮಪ್ಪನ ಕಾಲದಿಂದ ಇಲ್ಲಿದ್ಲಯ್ಯ ಆಯಮ್ಮ. ಗಂಡ ಸತ್ತ ಮೂರ್ನೇ ದಿನ ಬಂದು ಬೇಸಿನ್ ಮುಂದೆ ಕೂತ್ಕೊಂಡ್ಲು, ಆವತ್ತೂ ಅಳ್ಲಿಲ್ಲ. ಒಂದು ದಿನ ನನ್ನ ಬೇಡ್ಕೊಂಡೋಳಲ್ಲ. ನನಗೇ ಬೈಯೋಳು. ನೀನು ಮುದುಕಿ ಅಂದ್ರೆ ಹಿಂಗೇ ಅಂತ ಯಾರನ್ನ ನೋಡಿ ಕಲ್ತೆ?”

ನಾನು ತೆಗೆದದ್ದು ಹಾಜಿರಾ ಬೀಯವರ ದನಿಯೇ ಅಲ್ಲ. ಅವರು ನನ್ನೆದುರು ಮಾತನಾಡಿದ್ದು ಎರಡೋ ಮೂರೋ ಸಲ. ಆ ಸಲಗಳಲ್ಲೂ ಯಂತ್ರಕ್ಕೆ ಯಾಕೆ ಹಿಂಸೆ ಕೊಡುತ್ತೀಯ ಎಂದು ನನ್ನನ್ನೇ ಗದರಿದ್ದರು. ಹಾಸಿಗೆಯ ಮೇಲೆ ಮಲಗಿದ ಮುದುಕಿ ಎಂದ ಕೂಡಲೇ ನನ್ನ ಗಂಟಲು ತಾನಾಗಿ ಅಳುವಿಗೆ ಹೋಗಿತ್ತು. ಆರು ವರ್ಷ ವಯಸ್ಸಾದವರ ಮಧ್ಯೆಯೇ ಕೂತಿದ್ದೆ. ನಾನು ಕಲಿತದ್ದು ಇಷ್ಟು.

ಇಮ್ತಿಯಾಜ್‌ಗೆ ಕರೆ ಮಾಡಿ, ಅಮ್ಮಿಯ ಕೈಗೆ ಕೊಡು ಎಂದು ಸ್ಪೀಕರ್ ಹಾಕಿದೆ. ಒಂದು ಸಲ ಉಸಿರೆಳೆದುಕೊಂಡ ಸದ್ದು, ಆಮೇಲೆ ದನಿ.

“ಏಯ್ ಮುನಿರಾಜ! ಬೆಳಗ್ಗಿಂದ ಫೋನ್ ಮುಚ್ಕೊಂಡು ಎಲ್ಲಿ ಸತ್ತಿದ್ಯೋ?”

ಮುನಿರಾಜಪ್ಪ ನನ್ನ ಕಡೆ ಒಮ್ಮೆ ನೋಡಿದರು, ಕೇಳಿದೆಯಾ ಎನ್ನುವ ಹಾಗೆ.

“ಇಲ್ಲೇ ಇದೀನಿ ಕಣಮ್ಮ. ಬಿದ್ಯಂತೆ? ನೋವಿದ್ಯಾ?”

“ಮೂಳೆ ಮುರಿದ್ರೆ ನೋವಿರದೆ ಏನು, ಹಬ್ಬ ಇರತ್ತಾ? ನಂಬರ್ ಹೇಳು ಬೇಗ. ನನ್ ತಮ್ಮಂದ್ರು ಸೊಪ್ಪು ಕಟ್ಟಕ್ಕೆ ಎಳ್ಕೊಂಡ್ ಹೋಗಕ್ಕೆ ಬರ್ತಾವ್ರೆ. ನಾನ್ ಹೋಗಲ್ಲ. ನಾನು ನಡೀಬೇಕು.”

ಮುನಿರಾಜಪ್ಪ ತಮ್ಮ ಫೋನು ಆನ್ ಮಾಡಿದರು. ಆಶಾ ಗುಂಡಿ ಒತ್ತಿದಳು. ಬೆಳಿಗ್ಗೆ ಹಲವು ಸಲ ಒತ್ತಿದ್ದಕ್ಕೆ ಪೋರ್ಟಲ್ ಮುನಿಸಿಕೊಂಡಿತ್ತು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತು. ಆ ಸ್ವಲ್ಪ ಹೊತ್ತು ಎಷ್ಟೆಂದು ಪೋರ್ಟಲ್ ಹೇಳುವುದಿಲ್ಲ. ನಾವಿಬ್ಬರೂ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಫೋನನ್ನು ನೋಡುತ್ತ ಕೂತೆವು. ಮೂರೂ ಇಪ್ಪತ್ತಕ್ಕೆ ಸದ್ದಾಯಿತು. ಮುನಿರಾಜಪ್ಪ ಕನ್ನಡಕ ಏರಿಸಿ, ಗೂಡಿನ ಲಾಟಿನ ನಂಬರು ಓದುವವರಂತೆ ಆರು ಅಂಕಿಯನ್ನೂ ಬಿಡಿಬಿಡಿಯಾಗಿ ಆಶಾಗೆ ಓದಿ ಹೇಳಿದರು. ಹೇಳಿದ್ದನ್ನು ಇನ್ನೊಮ್ಮೆ ಅವಳಿಂದ ಹೇಳಿಸಿದರು.

ಕಾರ್ಡಾಯಿತು. ಡಾಕ್ಟರ ಕಾಗದಗಳನ್ನು ಆಶಾ ಅಲ್ಲಿಂದಲೇ ಹಾಕಿದಳು. ಮಾವಂದಿರು ಗಾಡಿಯಲ್ಲಿ ಬಂದಾಗ ಇಮ್ತಿಯಾಜ್ ಕಾರ್ಡಿನ ಪ್ರಿಂಟು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದನಂತೆ. ಸಂಜೆಗೆ ಒಪ್ಪಿಗೆ ಬಂತು, ಮಾರನೆಯ ದಿನ ಆಪರೇಷನ್ ಆಯಿತು.

ನಾನು ಮಾಡಿದ್ದನ್ನು ಪ್ರಭಾವತಿ ಮೇಡಂಗೆ ನಾನೇ ಹೇಳಿದೆ. ಔಷಧಿ ಅಂಗಡಿಯವನು ಹೇಳುವ ಮುಂಚೆ ಹೇಳುವುದು ವಾಸಿ ಎನ್ನಿಸಿತ್ತು. ಮೇಡಂ ನಗಲಿಲ್ಲ. “ಬೇರೆಯವರ ದನಿಯಲ್ಲಿ ಒಟಿಪಿ ಕೇಳಿದ್ರಿ. ಕಳ್ಳರೂ ಅದನ್ನೇ ಮಾಡ್ತಾರೆ. ಏನು ವ್ಯತ್ಯಾಸ, ಬರೆದು ಕೊಡಿ,” ಎಂದರು. ಒಳ್ಳೆಯ ಉದ್ದೇಶ ಎಂದು ಒಂದು ಸಾಲು ಬರೆದೆ. ಓದಿಕೊಂಡಾಗ ಕಳ್ಳ ಬರೆದ ಹಾಗೇ ಇತ್ತು. ಹೊಡೆದುಹಾಕಿ ‘ತಪ್ಪಾಗಿದೆ’ ಎಂದಷ್ಟೇ ಬರೆದು ಕೊಟ್ಟೆ. ಅದು ನನ್ನ ಕಡತದಲ್ಲಿದೆ.

ಬಿಡುಗಡೆಯ ದಿನ ಹಾಜಿರಾ ಬೀ ವಾಕರ್ ಹಿಡಿದು ಕಾರಿಡಾರಿನಲ್ಲಿ ನನ್ನ ಮೇಜಿನವರೆಗೆ ಬಂದರು. ಒಂದು ಪಕ್ಕ ಇಮ್ತಿಯಾಜ್, ಇನ್ನೊಂದು ಪಕ್ಕ ನೋಡಲು ಬಂದಿದ್ದ ಮುನಿರಾಜಪ್ಪ. ಇಬ್ಬರೂ ಒಬ್ಬರನ್ನೊಬ್ಬರು ಮಾತನಾಡಿಸುತ್ತಿರಲಿಲ್ಲ, ಆದರೆ ವಾಕರ್ ಸರಿಸುವಾಗ ಕೈ ಒಟ್ಟಿಗೇ ಚಾಚುತ್ತಿದ್ದರು. ಆಧಾರಿಗೆ ಮನೆಯವರ ನಂಬರು ಸೇರಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳುವುದು ನನ್ನ ಕೆಲಸ. ಅದಕ್ಕೆ ಫಾರಂ ತುಂಬಿಸಿಯೇ ಇಟ್ಟಿದ್ದೆ.

“ಅಮ್ಮ, ಕಾಲು ಸರಿಹೋದ ಮೇಲೆ ಆಧಾರ್ ಸೆಂಟರಿಗೆ ಹೋಗಿ ಇದನ್ನ ಕೊಡಿ. ಇಮ್ತಿಯಾಜ್ ನಂಬರ್ ಹಾಕಿದೀನಿ.”

ಹಾಜಿರಾ ಬೀ ಫಾರಂ ನೋಡಲಿಲ್ಲ. ಒಂದು ಕೈಯನ್ನು ವಾಕರಿನಿಂದ ತೆಗೆದು ನನ್ನ ಕಡೆ ಬೆರಳು ಮಾಡಿದರು.

“ಇವ್ನು ಅತ್ತಾಗ ಫೋನ್ ಎತ್ತಿದ್ದು ನನ್ ಮಗ ಆಗಿದ್ರೆ ಹೆದ್ರಿ ನಂಬರ್ ಕೊಟ್ಟುಬಿಡೋನು,” ಎಂದರು. “ಮುನಿರಾಜಂದೇ ಇರ್ಲಿ.”